ಎಬಿಎಸ್ ದೀಪ ಹತ್ತಿದರೆ ಮೊದಲು ವೈರು ನೋಡಿ

ನಮಸ್ಕಾರ. ಎಸ್‌ಯುವಿ ಇಟ್ಟುಕೊಂಡವರಿಗೆ ಇವತ್ತು ಒಂದು ಮಾತು ಹೇಳಬೇಕು. ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಅಂತ ಹಳದಿ ದೀಪ ಹತ್ತಿದ ಕೂಡಲೇ ಚಕ್ರದ ವೇಗ ಅಳೆಯುವ ಸೆನ್ಸರ್ ಹೊಸದು ತರಲು ಓಡಬೇಡಿ. ಮೊದಲು ಚಕ್ರದ ಹತ್ತಿರ ಕೂತು ಆ ಸೆನ್ಸರಿನ ವೈರು ನೋಡಿ.

ನಾನು ಹಾಗೆ ಮಾಡಲಿಲ್ಲ. ಎಬಿಎಸ್ ದೀಪದ ಜೊತೆಗೆ ಟ್ರ್ಯಾಕ್ಷನ್ ಕಂಟ್ರೋಲಿನದೂ (ಚಕ್ರ ಸುಮ್ಮನೆ ಗಿರಗಿರ ತಿರುಗದಂತೆ ತಡೆಯುವುದು) ಹತ್ತಿತು, ಇಳಿಜಾರಿನಲ್ಲಿ ಗಾಡಿ ಹಿಡಿಯುವ ಕಂಟ್ರೋಲಿನದೂ ಹತ್ತಿತು, ಮೂರು ಕಡೆ ಕೆಟ್ಟಿದೆ ಅಂತ ಗಾಬರಿಯಾಯಿತು. ಆದರೆ ಇವೆಲ್ಲ ಅದೇ ನಾಲ್ಕು ಚಕ್ರದ ಸೆನ್ಸರ್‌ಗಳನ್ನು ನಂಬಿಕೊಂಡಿರುತ್ತವೆ, ಒಂದು ಕೈಕೊಟ್ಟರೆ ಎಲ್ಲವೂ ಸುಮ್ಮನಾಗುತ್ತವೆ. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಸಿ0035 ಅಂತ ಬಂತು, ಅಂದರೆ ಮುಂದಿನ ಎಡ ಚಕ್ರ. ಸೆನ್ಸರ್ ಬದಲಾಯಿಸಿದೆ. ಎರಡೇ ದಿನ, ದೀಪ ಮತ್ತೆ ಹತ್ತಿತು! ಕೊನೆಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿಟ್ಟು, ಆ ವೈರನ್ನು ಬೆರಳಲ್ಲಿ ಸವರುತ್ತಾ ಹೋದಾಗ ಒಂದು ಕಡೆ ಮೆತ್ತಗೆ ಸಿಕ್ಕಿತು. ಮೇಲಿನ ಹೊದಿಕೆ ಚೆನ್ನಾಗಿಯೇ ಇತ್ತು. ಒಳಗೆ ತಾಮ್ರದ ಎಳೆ ತುಂಡಾಗಿ ಹಸಿರು ಪುಡಿಯಾಗಿತ್ತು. ಸ್ಟೀರಿಂಗ್ ತಿರುಗಿದಾಗಲೆಲ್ಲ, ಗುಂಡಿಗೆ ಇಳಿದಾಗಲೆಲ್ಲ ಆ ವೈರು ಮಡಚಿಕೊಳ್ಳುತ್ತದೆ ಅಲ್ವಾ, ಸವೆಯುವುದು ಅಲ್ಲೇ.

ಇನ್ನೊಬ್ಬ ಕಳ್ಳ ಅಂದರೆ ತುಕ್ಕು. ಚಕ್ರದ ಜೊತೆ ಹಲ್ಲಿನ ರಿಂಗೊಂದು ತಿರುಗುತ್ತದೆ, ಅದರ ಎದುರಿಗೆ ಸುಮಾರು ಒಂದು ಮಿಲಿಮೀಟರ್ ಸಂದಿ ಬಿಟ್ಟು ಸೆನ್ಸರ್ ಕೂತಿರುತ್ತದೆ. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಉಬ್ಬಿದರೆ ಅದು ಮೇಲಕ್ಕೆದ್ದು ಸಂದಿ ಜಾಸ್ತಿಯಾಗುತ್ತದೆ. ಆಗ ನಿಧಾನಕ್ಕೆ ಹೋಗುವಾಗ ಸಿಗ್ನಲ್ ಸಾಲದೆ, ಚಕ್ರ ನಿಂತೇ ಹೋಯಿತು ಅಂತ ಕಂಪ್ಯೂಟರ್ ತಿಳಿದುಕೊಂಡು ಸುಮ್ಮಸುಮ್ಮನೆ ಎಬಿಎಸ್ ಶುರುಮಾಡುತ್ತದೆ. ಒಣ ರಸ್ತೆಯಲ್ಲಿ, ಗಾಡಿ ಇನ್ನೇನು ನಿಲ್ಲಬೇಕು ಅನ್ನುವಾಗ ಬ್ರೇಕ್ ಪೆಡಲ್ ಗಡಗಡ ಅಂದರೆ ಇದನ್ನೇ ಅನುಮಾನಿಸಿ. ಸೆನ್ಸರ್ ಬಿಚ್ಚಿ ಆ ಜಾಗವನ್ನು ಬ್ರಷ್‌ನಿಂದ ಉಜ್ಜಿ. ತುದಿಗೆ ಅಂಟಿದ ಕಬ್ಬಿಣದ ಪುಡಿ ಒರೆಸಿ, ರಿಂಗಿನಲ್ಲಿ ಬಿರುಕಿದೆಯಾ ನೋಡಿ. ಸೆನ್ಸರ್ ಬಿಗಿಯಾಗಿ ಕಚ್ಚಿಕೊಂಡಿದ್ದರೆ ಸುತ್ತಿಗೆ ಬೇಡ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ರಾತ್ರಿಯೆಲ್ಲಾ ಬಿಟ್ಟು, ಮೆಲ್ಲಗೆ ತಿರುಚಿ ಎಳೆಯಿರಿ.

ವಿದ್ಯುತ್ ಅಳೆಯುವ ಮಲ್ಟಿಮೀಟರ್ ಹಿಡಿಯುವ ಮುಂಚೆ ಸೆನ್ಸರ್ ಯಾವ ಜಾತಿಯದು ಅಂತ ತಿಳಿದುಕೊಳ್ಳಿ. ಸುರುಳಿ ಇರುವ ಹಳೆಯ ಬಗೆಯಾದರೆ ಸಾಮಾನ್ಯವಾಗಿ ಸಾವಿರ ಓಮ್ ಆಸುಪಾಸಿನಿಂದ ಎರಡು ಸಾವಿರದವರೆಗೆ ತೋರಿಸುತ್ತದೆ, ಸರಿಯಾದ ಲೆಕ್ಕ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಹೊಸ ಬಗೆಯದಕ್ಕೆ ಒಳಗೆ ಚಿಪ್ ಇರುತ್ತದೆ, ಅದನ್ನು ಓಮ್‌ನಲ್ಲಿ ಅಳೆಯಬೇಡಿ, ಹಾಳಾಗಬಹುದು. ಅದಕ್ಕೆ ಸ್ಕ್ಯಾನರೇ ಒಳ್ಳೆಯದು. ಗಂಟೆಗೆ 20 ಕಿಲೋಮೀಟರಿನಲ್ಲಿ ನೇರಕ್ಕೆ ಹೋಗುವಾಗ ಪಕ್ಕದಲ್ಲಿ ಕೂತವರು ನಾಲ್ಕು ಚಕ್ರದ ಲೆಕ್ಕ ನೋಡಲಿ, ಒಂದು ಮಾತ್ರ ಸೊನ್ನೆಗೆ ಇಳಿದರೆ ಕಳ್ಳ ಸಿಕ್ಕಿದ. ನಾಲ್ಕೂ ಸರಿಯಿದ್ದರೆ ಬ್ಯಾಟರಿ, ಫ್ಯೂಸ್, ಗಾಡಿಯ ಲೋಹದ ಮೈಗೆ ಜೋಡಿಸಿದ ಅರ್ಥ್ ವೈರು ನೋಡಿ.

ಕನೆಕ್ಟರ್ ಬಿಚ್ಚುವಾಗ ಇಗ್ನಿಷನ್ ಆಫ್ ಇರಲಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ದಯವಿಟ್ಟು ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಹಳದಿ ದೀಪ ಮಾತ್ರ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಇರುತ್ತದೆ, ಜೋರಾಗಿ ತುಳಿದರೆ ಚಕ್ರ ಜಾರಬಹುದು ಅಷ್ಟೇ. ಕೆಂಪು ಬ್ರೇಕ್ ದೀಪವೂ ಹತ್ತಿದ್ದರೆ ಗಾಡಿ ಓಡಿಸಲೇಬೇಡಿ.

ಹೊಸ ವೈರು ಹಾಕಿದ ಮೇಲೆ ಹಳೆಯ ಕ್ಲಿಪ್ಪುಗಳಲ್ಲೇ ಕೂರಿಸಿ. ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ವೈರು ಎಲ್ಲೂ ಬಿಗಿಯುತ್ತಿಲ್ಲ, ಟೈರಿಗೆ ತಾಗುವ ಹಾಗಿಲ್ಲ ಅಂತ ಕಣ್ಣಾರೆ ನೋಡಿ. ಆಮೇಲೆ ಬಿಚ್ಚಿಟ್ಟ ಚಕ್ರ ಹಾಕಿ.