ಶಾಲೆಯ ಬೋರ್ಡು ನೋಡಿ ಮನೆ ಕೊಳ್ಳುವವರಿಗೆ

ನಮಸ್ಕಾರ. ಬೆಳಗಾವಿಯಲ್ಲಿ ಮನೆ ಮಾರುವವರ ಜಾಹೀರಾತುಗಳನ್ನು ಗಮನಿಸಿದ್ದೀರಾ? ‘ಶಾಲೆ, ಆಸ್ಪತ್ರೆ, ಮಾರುಕಟ್ಟೆ ಎಲ್ಲವೂ ಐದು ನಿಮಿಷದ ದಾರಿ.’ ಟಿಳಕವಾಡಿಯ ಹಳೆಯ ಮನೆಗೂ ಇದೇ ಮಾತು, ಹೆದ್ದಾರಿಯಾಚೆ ಮೊನ್ನೆ ಮೊನ್ನೆ ಕಲ್ಲು ನೆಟ್ಟ ಲೇಔಟಿಗೂ ಇದೇ ಮಾತು. ಆ ಐದು ನಿಮಿಷದ ಮೇಲೆ ನನಗೇನೂ ಸಿಟ್ಟಿಲ್ಲ, ಮಾರುವವರು ಹಾಗೆ ಹೇಳಲೇಬೇಕು. ಹೆಸರಾಂತ ಶಾಲೆಯೊಂದು ಪಕ್ಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ನಾಲ್ಕೈದು ಲಕ್ಷ ಹೆಚ್ಚು ಕೊಡಲು ನಾವು ತಯಾರಾಗುತ್ತೇವಲ್ಲ, ನನ್ನ ತಕರಾರು ಅದರ ಮೇಲೆ.

ಅಮೆರಿಕದ ಬಹಳಷ್ಟು ಊರುಗಳಲ್ಲಿ ಮನೆಯ ವಿಳಾಸವೇ ಮಗುವಿನ ಸರ್ಕಾರಿ ಶಾಲೆಯನ್ನು ನಿರ್ಧರಿಸುತ್ತದೆ. ಅಲ್ಲಿ ಶಾಲೆ ನೋಡಿ ಮನೆ ಕೊಳ್ಳುವುದಕ್ಕೆ ಅರ್ಥವಿದೆ. ನಮ್ಮ ಖಾಸಗಿ ಶಾಲೆಯವರು ಮನೆ ಎಲ್ಲಿದೆ ಎಂದು ವಿಚಾರಿಸುವುದು ಹೆಚ್ಚಾಗಿ ಬಸ್ ಶುಲ್ಕದ ಲೆಕ್ಕಕ್ಕೆ. ಇನ್ನು ಕೇಂದ್ರೀಯ ವಿದ್ಯಾಲಯದ ಕಾಂಪೌಂಡಿಗೆ ಅಂಟಿಕೊಂಡೇ ನಿಮ್ಮ ಮನೆ ಇರಲಿ, ಮೊದಲ ಆದ್ಯತೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೇ. ಖಾಸಗಿ ಶಾಲೆಗಳಲ್ಲಿ ಬಡ, ಹಿಂದುಳಿದ ಕುಟುಂಬಗಳ ಮಕ್ಕಳಿಗೆಂದು ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಮೀಸಲಿಟ್ಟ 25 ಪ್ರತಿಶತ ಸೀಟುಗಳಿಗೆ ವಿಳಾಸ ಮುಖ್ಯವಾಗಿತ್ತು, ನಿಜ. ಆದರೆ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ ಎಂದು ಕರ್ನಾಟಕದಲ್ಲಿ 2019ರಲ್ಲೇ ನಿಯಮ ಬದಲಾಯಿತು. ಹಾಗಾದರೆ ಆ ಹೆಚ್ಚಿನ ಹಣ ಕೊಟ್ಟು ನೀವು ಪಡೆಯುವುದೇನು? ಬೆಳಿಗ್ಗೆ ಪ್ರಾರ್ಥನೆ ಕೇಳಿಸುತ್ತದೆ, ಸಂಜೆ ವ್ಯಾನುಗಳ ಹಾರ್ನ್ ಕೇಳಿಸುತ್ತದೆ.

ಹೊಸ ಲೇಔಟ್‌ಗಳಲ್ಲಿ ಇನ್ನೊಂದು ವರಸೆಯಿದೆ. ನಕ್ಷೆ ಬಿಚ್ಚಿ, ಮೂಲೆಯ ಖಾಲಿ ಜಾಗದ ಮೇಲೆ ಬೆರಳಿಟ್ಟು, ‘ಸರ್, ಇದು ಸಿಎ ಸೈಟ್, ಇಲ್ಲಿ ಇಂಟರ್‌ನ್ಯಾಷನಲ್ ಶಾಲೆ ಬರುತ್ತದೆ’ ಎನ್ನುತ್ತಾರೆ. ಸಿಎ ಸೈಟ್ ಎಂದರೆ ನಾಗರಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗ. ಅಲ್ಲಿ ಶಾಲೆ ಬರಬಹುದು, ಸಮುದಾಯ ಭವನ ಬರಬಹುದು, ನೀರಿನ ಟ್ಯಾಂಕ್ ಬರಬಹುದು. ನಿಮ್ಮ ಮಗ ಹತ್ತನೆಯ ತರಗತಿ ಮುಗಿಸುವವರೆಗೂ ಅಲ್ಲಿ ಎಮ್ಮೆ ಮೇಯುತ್ತಿರಬಹುದು. ಬರಲಿರುವ ಶಾಲೆಗೆ ಇಂದೇ ದುಡ್ಡು ಕೊಡಬೇಡಿ.

ಮಾಧ್ಯಮದ ವಿಷಯವೂ ಇದೆ. ನಮ್ಮ ಊರಿನಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್, ನಾಲ್ಕೂ ಮಾಧ್ಯಮದ ಶಾಲೆಗಳಿವೆ. ಶಹಾಪುರ, ವಡಗಾವಿಯ ಓಣಿಗಳಲ್ಲಿ ಪಕ್ಕದ ಮನೆಯವರಿಗೆ ಅತ್ಯುತ್ತಮವಾದ ಶಾಲೆ ನಿಮಗೆ ಉಪಯೋಗಕ್ಕೇ ಬಾರದಿರಬಹುದು. ‘ಒಳ್ಳೆಯ ಶಾಲೆಗಳಿರುವ ಏರಿಯಾ’ ಎಂದವರಿಗೆ ಯಾವ ಮಾಧ್ಯಮ ಎಂದು ಕೇಳಿ ನೋಡಿ.

ಸರಿ, ಒಳ್ಳೆಯ ಶಾಲೆ ಯಾವುದು ಎಂದು ತಿಳಿಯುವುದು ಹೇಗೆ? ಎಲ್ಲರೂ ಮೊದಲು ನೋಡುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶ. 2023ರಲ್ಲಿ ರಾಜ್ಯದ ಫಲಿತಾಂಶ ಶೇಕಡ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕ ಹೆಚ್ಚಿಸಿ ಕೊಟ್ಟ ಮೇಲೂ ಅದು 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಪಾಠ ಮರೆತರೇ? ಕ್ಯಾಮೆರಾ ಬಂದದ್ದಕ್ಕೇ ಇಷ್ಟು ವ್ಯತ್ಯಾಸವಾಗುವ ಅಂಕಿಯನ್ನು ನಂಬಿ ಇಪ್ಪತ್ತು ವರ್ಷದ ಸಾಲ ಮಾಡುತ್ತೀರಾ?

ನೂರಕ್ಕೆ ನೂರು ಫಲಿತಾಂಶದ ಫ್ಲೆಕ್ಸ್ ಕಂಡರೆ ನನಗೆ ಮೊದಲು ಒಂಬತ್ತನೆಯ ತರಗತಿಯ ನೆನಪಾಗುತ್ತದೆ. ಓದಿನಲ್ಲಿ ಹಿಂದಿರುವ ಮಕ್ಕಳ ಪಾಲಕರನ್ನು ಕರೆಸಿ, ‘ಟಿಸಿ ತೆಗೆದುಕೊಂಡು ಹೋದರೆ ಮಗುವಿಗೇ ಒಳ್ಳೆಯದು’ ಎನ್ನುವ ಶಾಲೆಗಳಿವೆ. ಪರೀಕ್ಷೆಗೆ ಕೂರುವವರನ್ನು ಮೊದಲೇ ಜರಡಿ ಹಿಡಿದರೆ ಫಲಿತಾಂಶ ನೂರೇ ಬರುತ್ತದೆ. ಇದನ್ನು ಮನೆಯಲ್ಲೇ ಕುಳಿತು ಪತ್ತೆ ಹಚ್ಚಬಹುದು. ಪ್ರತಿ ಶಾಲೆಗೂ ಯುಡೈಸ್ ಎಂಬ, ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯ 11 ಅಂಕಿಗಳ ಸಂಕೇತವಿದೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆ ಹುಡುಕಿದರೆ ತರಗತಿವಾರು ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ ಸಿಗುತ್ತದೆ. ಎಂಟರಲ್ಲಿ ಎಷ್ಟಿದ್ದರು, ಎರಡು ವರ್ಷದ ನಂತರ ಹತ್ತರಲ್ಲಿ ಎಷ್ಟು ಉಳಿದರು ನೋಡಿ. ದೊಡ್ಡ ಕಡಿತವಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ. ‘ಸಿಬಿಎಸ್‌ಇ ಪಠ್ಯಕ್ರಮ’ ಎಂದು ಬೋರ್ಡ್ ಹಾಕಿದವರಿಗೆಲ್ಲ ಮಾನ್ಯತೆ ಇರಬೇಕೆಂದೇನೂ ಇಲ್ಲ, ಅದನ್ನೂ ಮಂಡಳಿಯ ಜಾಲತಾಣದಲ್ಲೇ ಪರೀಕ್ಷಿಸಿಕೊಳ್ಳಿ.

ಆದರೆ ಜಾಲತಾಣದಲ್ಲಿ ಸಿಗದ ಮುಖ್ಯ ಸಂಗತಿ ಒಂದಿದೆ: ಶಿಕ್ಷಕರು ಆ ಶಾಲೆಯಲ್ಲಿ ಎಷ್ಟು ವರ್ಷ ನಿಲ್ಲುತ್ತಾರೆ? ಕೆಎಲ್ಇ ಶಿಕ್ಷಣ ಸಂಸ್ಥೆಯನ್ನು 1916ರಲ್ಲಿ ಇದೇ ಊರಿನಲ್ಲಿ ಒಂದು ಶಾಲೆಯಿಂದ ಶುರು ಮಾಡಿದ ಏಳು ಜನರನ್ನು ನಾವು ಇಂದಿಗೂ ಸಪ್ತರ್ಷಿಗಳು ಎನ್ನುತ್ತೇವೆ. ಕಟ್ಟಡ ನೋಡಿ ಹಾಗೆ ಕರೆದವರಲ್ಲ ನಾವು. ಇಂದು ಹವಾನಿಯಂತ್ರಿತ ಕೊಠಡಿ ಕಟ್ಟಿಸಿ, ಗಣಿತದ ಶಿಕ್ಷಕರಿಗೆ ಮಾತ್ರ ಜೀವನ ನಡೆಯದಷ್ಟು ಸಂಬಳ ಕೊಡುವವರಿದ್ದಾರೆ. ಅಂಥಲ್ಲಿ ಪ್ರತಿ ಜೂನ್‌ಗೆ ಹೊಸ ಮುಖ. ಸರ್ಕಾರಿ ಶಾಲೆಯ ಕಾಯಂ ಶಿಕ್ಷಕರು ಸರ್ಕಾರದ ನೇಮಕಾತಿಯಲ್ಲಿ ಆಯ್ಕೆಯಾಗಿ ಬಂದವರು, ಸಾಮಾನ್ಯವಾಗಿ ವರ್ಗಾವಣೆಯಾಗುವವರೆಗೆ ಅಲ್ಲೇ ಇರುತ್ತಾರೆ. ಆ ಬಾಗಿಲನ್ನು ನೋಡದೆಯೇ ಮುಂದೆ ಹೋಗುವುದು ನಮ್ಮ ಮಧ್ಯಮ ವರ್ಗದ ಠೇಂಕಾರ.

ಶಾಲೆಯವರು ತೋರಿಸುವ ಸ್ಮಾರ್ಟ್ ಬೋರ್ಡ್ ಬಿಡಿ. ಅಲ್ಲಿ ಓದುತ್ತಿರುವ ಆರನೆಯದೋ ಏಳನೆಯದೋ ತರಗತಿಯ ಮಗುವಿನ ನೋಟ್‌ಬುಕ್ ಬಿಡಿಸಿ ನೋಡಿ. ಕೆಂಪು ಶಾಯಿಯ ಸಹಿ ಪ್ರತಿ ಪುಟದಲ್ಲೂ ಇರುತ್ತದೆ. ತಾರೀಖು ನೋಡಿ: ಹದಿನೈದು ಪುಟಕ್ಕೂ ಒಂದೇ ದಿನದ ತಾರೀಖು, ತಪ್ಪು ಲೆಕ್ಕದ ಮೇಲೂ ಸರಿ ಗುರುತು ಇದ್ದರೆ, ಪಾಲಕರ ಸಭೆಯ ಹಿಂದಿನ ದಿನ ಕುಳಿತು ಸಹಿ ಎಳೆದಿದ್ದಾರೆ ಎಂದರ್ಥ. ತಪ್ಪಿದ ಸಾಲಿನ ಪಕ್ಕದಲ್ಲಿ ಪುಟ್ಟ ಅಕ್ಷರದಲ್ಲಿ ತಿದ್ದಿ ಬರೆದಿದ್ದರೆ ಆ ಶಿಕ್ಷಕರ ಹೆಸರು ಕೇಳಿಕೊಳ್ಳಿ, ಅವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂಬುದನ್ನೂ.

ಇಷ್ಟೆಲ್ಲ ನೋಡಿದ ಮೇಲೂ ಶಾಲೆ ಕೆಡಬಹುದು. ಮುಖ್ಯೋಪಾಧ್ಯಾಯರು ಬದಲಾದರೆ ಸಾಕು. ಆಗ ಟಿಸಿ ತೆಗೆದುಕೊಂಡು ಇನ್ನೊಂದು ಕಡೆ ಸೇರಿಸಬಹುದು. ಮನೆಗೆ ಟಿಸಿ ಇಲ್ಲ. 60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕವೇ 5 ಪ್ರತಿಶತ, ಅಂದರೆ 3 ಲಕ್ಷ; ನೋಂದಣಿ ಶುಲ್ಕ ಬೇರೆ. ಅದಕ್ಕೇ ಒಂದು ಶಾಲೆಯ ಪಕ್ಕದ ಮನೆಗಿಂತ, ಮೂರ್ನಾಲ್ಕು ಶಾಲೆಗಳಿಗೆ ಸಲೀಸಾಗಿ ಹೋಗಿ ಬರಬಹುದಾದ ಮನೆ ನನಗೆ ಹೆಚ್ಚು ಬೆಲೆಯದು.

ಆ ದಾರಿಯನ್ನು ಭಾನುವಾರ ಕಾರಿನಲ್ಲಿ ಹೋಗಿ ನೋಡಬೇಡಿ. ಜುಲೈನಲ್ಲಿ, ನಮ್ಮ ಬೆಳಗಾವಿಯ ಮಳೆ ಬಿಡದೆ ಸುರಿಯುವಾಗ, ಶಾಲೆ ಶುರುವಾಗುವ ಹೊತ್ತಿಗೆ ಸ್ಕೂಟರ್‌ನಲ್ಲಿ ಹೊರಡಿ. ನಡುವೆ ರೈಲ್ವೆ ಗೇಟ್ ಇದ್ದರೆ ಅದು ಬಿದ್ದಾಗ ಎಷ್ಟು ಹೊತ್ತು ನಿಲ್ಲಬೇಕು ನೋಡಿ. ಐದು ನಿಮಿಷದ ದಾರಿ ಎಂದಿದ್ದ ಏಜೆಂಟರನ್ನೂ ಹಿಂದೆ ಕೂರಿಸಿಕೊಂಡು ಹೋಗಿ, ಗಡಿಯಾರ ಅವರ ಕೈಯಲ್ಲೇ ಇರಲಿ.