ಬಿರುದು ಬೇರೆ, ಆಸ್ತಿ ಬೇರೆ

ಕೇಳುಗರೇ, ನಮಸ್ಕಾರ. ಇಂಗ್ಲೆಂಡಿನ ದೊಡ್ಡ ಮನೆತನಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ನಾನು ಒಂದೇ ಮನೆತನ ಹಿಡಿದುಕೊಳ್ಳುತ್ತೇನೆ, ಒಂದೇ ಮಾತು ಹೇಳುತ್ತೇನೆ. ಮನೆತನ ಕ್ಯಾವೆಂಡಿಷ್, ಅಂದರೆ ಡೆವನ್‌ಶೈರ್ ಡ್ಯೂಕ್‌ಗಳು. ಮಾತು ಇಷ್ಟೇ: ಬಿರುದು ಬೇರೆ, ಆಸ್ತಿ ಬೇರೆ.

ಡ್ಯೂಕ್ ಅಂದರೆ ಆ ಸೀಮೆ ಆಳುವವರು ಅಲ್ವಾ ಅಂತ ಎಲ್ಲಿ ಹೋದರೂ ಕೇಳುತ್ತಾರೆ. ಅಲ್ಲ, ಅದು ರಾಜರು ಕೊಡುವ ದೊಡ್ಡ ಬಿರುದು ಅಷ್ಟೇ. ದಯವಿಟ್ಟು ಆ ಆಳೋ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಡೆವನ್‌ಶೈರ್ ಡ್ಯೂಕ್‌ಗಳ ಮನೆ ಡೆವನ್‌ನಲ್ಲೇ ಇಲ್ಲ! ಡಾರ್ಬಿಶೈರ್‌ನಲ್ಲಿದೆ, ಚಾಟ್ಸ್‌ವರ್ತ್ ಅಂತ. ಆ ಜಾಗ ಕೊಂಡಿದ್ದು 1549ರಲ್ಲಿ. ಡ್ಯೂಕ್ ಬಿರುದು ಬಂದಿದ್ದು 1694ರಲ್ಲಿ, ಮುಂದೆ ಇಂಗ್ಲೆಂಡಿನ ರಾಜರಾದ ವಿಲಿಯಂ ಅವರನ್ನು ಹಾಲೆಂಡಿನಿಂದ ಕರೆಸಿದ ಏಳು ಜನರಲ್ಲಿ ಈ ಮನೆಯವರೂ ಒಬ್ಬರು ಇದ್ದರು ಅಂತ. ಮಣ್ಣು ಸಿಕ್ಕಿ 145 ವರ್ಷ ಆದಮೇಲೆ ಬಿರುದು, ನೋಡಿ.

ಬಿರುದು ಹಿರಿಯ ಮಗನಿಗೆ. ಅದನ್ನು ಪಾಲು ಮಾಡೋ ಹಾಗಿಲ್ಲ, ಮಾರೋ ಹಾಗಿಲ್ಲ, ಇಷ್ಟ ಬಂದವರ ಹೆಸರಿಗೆ ಉಯಿಲು ಬರೆಯೋ ಹಾಗೂ ಇಲ್ಲ. ಆರನೇ ಡ್ಯೂಕ್ ಮದುವೆಯೇ ಆಗಲಿಲ್ಲ. 1858ರಲ್ಲಿ ಅವರು ತೀರಿಕೊಂಡಾಗ ಬಿರುದು ದಾಯಾದಿ ಮನೆಗೆ ಹೋಯಿತು. ಆಸ್ತಿ ಹೋಗೋದು ಕಾಗದಪತ್ರದ ದಾರಿಯಲ್ಲಿ, ಆ ದಾರಿಯಲ್ಲಿ ತೆರಿಗೆಯವರೂ ನಿಂತಿರುತ್ತಾರೆ.

ಹತ್ತನೇ ಡ್ಯೂಕ್ ಎಡ್ವರ್ಡ್ ಅವರ ಕತೆ ಕೇಳಿ, ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗಲ್ಲ. ಅವರ ಹಿರಿಮಗ ಬಿಲ್ಲಿ. ವಾರಸುದಾರ. 1944ರ ಮೇ ತಿಂಗಳಲ್ಲಿ ಕ್ಯಾಥ್ಲೀನ್ ಕೆನೆಡಿ ಜೊತೆ ಮದುವೆ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನೆಡಿ ಅವರ ತಂಗಿ. ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂನ ಯುದ್ಧದಲ್ಲಿ ಗುಂಡು ಬಿದ್ದು ಸತ್ತ. ಮಕ್ಕಳಿಲ್ಲ. ವಾರಸು ತಮ್ಮ ಆಂಡ್ರ್ಯೂಗೆ ಬಂತು. ಆಗ ಅಲ್ಲಿ ದೊಡ್ಡ ಆಸ್ತಿವಂತರು ಸತ್ತರೆ ಆಸ್ತಿಯ ಮೇಲೆ ಭಾರೀ ತೆರಿಗೆ. ಅದಕ್ಕೇ ಎಡ್ವರ್ಡ್ 1946ರಲ್ಲಿ ಆಸ್ತಿಯನ್ನು ಟ್ರಸ್ಟ್‌ಗೆ ಬರೆದರು. ತೆರಿಗೆ ತಪ್ಪಬೇಕಾದರೆ ಷರತ್ತು ಒಂದೇ: ಬರೆದಮೇಲೆ ಐದು ವರ್ಷ ಬದುಕಿರಬೇಕು. ಆಗ ಅವರಿಗಿನ್ನೂ ಐವತ್ತರ ಆಸುಪಾಸು, ಐದು ವರ್ಷ ಏನು ಮಹಾ ಅಂತ ಯಾರಿಗಾದರೂ ಅನ್ನಿಸುತ್ತೆ ಅಲ್ವಾ? ಕಟ್ಟಿಗೆ ಒಡೆಯೋದು ಅವರಿಗೆ ಇಷ್ಟದ ಕೆಲಸ. 1950ರ ನವೆಂಬರ್ 26, ಈಸ್ಟ್‌ಬೋರ್ನ್‌ನ ಮನೆಯಲ್ಲಿ ಕೊಡಲಿ ಹಿಡಿದು ಕಟ್ಟಿಗೆ ಒಡೆಯುತ್ತಿದ್ದಾಗಲೇ ಎದೆ ಹಿಡಿದುಕೊಂಡಿತು, ಹೋಗಿಬಿಟ್ಟರು. ಐದು ವರ್ಷ ತುಂಬೋಕೆ ಕೆಲವೇ ತಿಂಗಳು ಬಾಕಿ ಇತ್ತು.

ಆ ಕ್ಷಣಕ್ಕೇ ಆಂಡ್ರ್ಯೂ ಹನ್ನೊಂದನೇ ಡ್ಯೂಕ್. ಬಿರುದಿಗೆ ಒಂದು ಕಾಸೂ ಖರ್ಚಿಲ್ಲ. ಆಸ್ತಿಯ ಮೇಲೆ ಮಾತ್ರ ನೂರಕ್ಕೆ 80ರ ತೆರಿಗೆ ಲೆಕ್ಕ! ಸಾವಿರಾರು ಎಕರೆ ಮಾರಿದರು. ಹಾರ್ಡ್‌ವಿಕ್ ಹಾಲ್ ಅನ್ನೋ ಹಳೇ ಅರಮನೆಯನ್ನೇ ತೆರಿಗೆಗೆ ಬದಲಾಗಿ ಸರ್ಕಾರಕ್ಕೆ ಕೊಟ್ಟರು. ಹೋಲ್ಬೈನ್ ಬರೆದ ಎಂಟನೇ ಹೆನ್ರಿಯ ಆಳೆತ್ತರದ ಚಿತ್ರ ಗೋಡೆಯಿಂದ ಇಳಿದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಸೇರಿತು. ಈ ಲೆಕ್ಕ ಚುಕ್ತಾ ಆಗೋಕೆ 15 ವರ್ಷಕ್ಕೂ ಜಾಸ್ತಿ ಹಿಡಿಯಿತು. ನಮ್ಮಲ್ಲೂ 1953ರಿಂದ 1985ರ ತನಕ ಎಸ್ಟೇಟ್ ಡ್ಯೂಟಿ, ಅಂದರೆ ಸತ್ತವರ ಆಸ್ತಿ ಮೇಲೆ ಇಂಥದ್ದೇ ತೆರಿಗೆ ಇತ್ತು, ಹಿರಿಯರಿಗೆ ನೆನಪಿರಬೇಕು.

ಹೇಳಬೇಕು ಅಂದುಕೊಂಡಿದ್ದು ಇನ್ನೂ ಇದೆ, ಹೊತ್ತಿಲ್ಲ. ಏಳನೇ ಡ್ಯೂಕ್ ಕೊಟ್ಟ ಹಣದಿಂದ ಕೇಂಬ್ರಿಡ್ಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯ ಎದ್ದಿತು. ಆರನೆಯವರ ತೋಟಗಾರ ಪ್ಯಾಕ್ಸ್‌ಟನ್ ಚಾಟ್ಸ್‌ವರ್ತ್‌ನ ಗಾಜಿನ ಮನೆಯಲ್ಲಿ ಬೆಳೆದ ಬಾಳೆಗೆ ಈ ಮನೆತನದ ಹೆಸರೇ ಬಂತು, ನೀವು ತಿನ್ನುವ ಪಚ್ಚಬಾಳೆ ಅದೇ ಜಾತಿ.

ಚಾಟ್ಸ್‌ವರ್ತ್ ಏನಾಯ್ತು ಅಂತೀರಾ? ಉಳಿಯಿತು. 1981ರಲ್ಲಿ ಆ ಮನೆಯನ್ನು ನೋಡಿಕೊಳ್ಳಲು ಬೇರೆ ಟ್ರಸ್ಟ್ ಮಾಡಿದರು. ಹೊರಗಿನವರು ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಬಹುದು. ಡ್ಯೂಕ್ ಮನೆಯವರು ತಾವು ವಾಸ ಮಾಡುವ ಕೋಣೆಗಳಿಗೆ ಆ ಟ್ರಸ್ಟ್‌ಗೆ ಬಾಡಿಗೆ ಕಟ್ಟುತ್ತಾರೆ.