ತೆಳುವಾಗಿದ್ದರೆ ಸಾಕಾ?

ಟಿವಿ ರಿಮೋಟಿನ ತುದಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾ ಕಡೆ ಹಿಡಿದು ಒಂದು ಬಟನ್ ಒತ್ತಿ ನೋಡಿ. ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಎಷ್ಟೋ ಫೋನುಗಳಲ್ಲಿ ಸ್ಕ್ರೀನ್ ಮೇಲೆ ನೇರಳೆ ಚುಕ್ಕೆಯೊಂದು ಮಿಣುಕುತ್ತದೆ. ಅದು ಸುಮಾರು 940 ನ್ಯಾನೋಮೀಟರಿನ ಇನ್‌ಫ್ರಾರೆಡ್. ಫೋನ್ ಕ್ಯಾಮೆರಾದ ಸೆನ್ಸರ್ ಸಿಲಿಕಾನಿನದು, ಅದಕ್ಕೆ ಅಷ್ಟು ಉದ್ದದ ತರಂಗ ಕಾಣುತ್ತದೆ. 1100 ನ್ಯಾನೋಮೀಟರ್ ದಾಟಿತೋ, ಸಿಲಿಕಾನ್ ಕುರುಡು. ಬೆಳಕು ಗಾಜಿನೊಳಗೆ ಹೋದ ಹಾಗೆ ಹಾದುಹೋಗುತ್ತದೆ.

ಅಲ್ಲಿಂದಾಚೆ ನೋಡಲು ಇಂಡಿಯಮ್ ಗ್ಯಾಲಿಯಮ್ ಆರ್ಸೆನೈಡ್ ಎಂಬ ಇನ್ನೊಂದು ಅರೆವಾಹಕ ಇದೆ. ಸುಮಾರು 1700ರವರೆಗೆ ಚೆನ್ನಾಗಿ ನೋಡುತ್ತದೆ. ಆದರೆ ಸಿಲಿಕಾನ್ ಮೇಲೆ ಅದನ್ನು ನೇರವಾಗಿ ಬೆಳೆಸುವುದು ಕಷ್ಟ, ಎರಡರ ಪರಮಾಣುಗಳ ಅಂತರ ಹೊಂದುವುದಿಲ್ಲ. ಹಾಗಾಗಿ ಬೇರೆ ಕಡೆ ಬೆಳೆಸಿ ತಂದು, ಸಾಮಾನ್ಯವಾಗಿ ಒಂದೊಂದು ಪಿಕ್ಸೆಲ್‌ಗೂ ಇಂಡಿಯಮ್ ಲೋಹದ ಪುಟ್ಟ ಉಂಡೆ ಇಟ್ಟು, ಸರ್ಕ್ಯೂಟಿಗೆ ಒತ್ತಿ ಕೂರಿಸುತ್ತಾರೆ. ದುಬಾರಿ ಆಗದೆ ಇನ್ನೇನಾಗುತ್ತದೆ?

ಇಲ್ಲಿಗೆ ಬರುತ್ತದೆ ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಅಂಟು ಟೇಪಿನಿಂದ ಗ್ರಾಫೈಟ್ ಸುಲಿದು ತೆಗೆದ, ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ. ಎಲ್ಲರೂ ಹೊಗಳುವುದು ಆ ತೆಳುತನವನ್ನೇ. ನನ್ನ ತಕರಾರೂ ಅಲ್ಲೇ. ಕ್ಯಾಮೆರಾಗೆ ತೆಳುತನ ವರವಲ್ಲ, ತಲೆನೋವು. ಒಂದು ಪದರ ಹೀರುವುದು ಬಿದ್ದ ಬೆಳಕಿನ 2.3 ಶೇಕಡಾ ಮಾತ್ರ. ಉಳಿದದ್ದು ತಪ್ಪಿಸಿಕೊಳ್ಳುತ್ತದೆ. ಸಾಲದ್ದಕ್ಕೆ ಗ್ರಾಫೀನ್‌ಗೆ ಬ್ಯಾಂಡ್‌ಗ್ಯಾಪ್ ಇಲ್ಲ, ಅಂದರೆ ಎಲೆಕ್ಟ್ರಾನ್‌ಗಳು ಹರಿಯುವ ಮೊದಲು ದಾಟಬೇಕಾದ ಶಕ್ತಿಯ ಕಂದಕ ಇಲ್ಲ. ಹಾಗಾಗಿ ಕತ್ತಲಲ್ಲೂ ಕರೆಂಟ್ ಹರಿಯುತ್ತಲೇ ಇರುತ್ತದೆ.

ಹಾಗಾದರೆ ಸುಮ್ನೆ ಬಿಟ್ಟುಬಿಡೋಣವೇ? ಬೇಡ. ಇದರ ನಿಜವಾದ ಗುಣ ಬೇರೆ: ಯಾವುದರ ಮೇಲೆ ಇಟ್ಟರೂ ಕೂರುತ್ತದೆ. ಪರಮಾಣು ಅಂತರ ಹೊಂದಲೇಬೇಕೆಂಬ ಹಟವಿಲ್ಲ. 2017ರಲ್ಲಿ ಬಾರ್ಸಿಲೋನಾದ ಐಸಿಎಫ್‌ಒ ಎಂಬ ಬೆಳಕಿನ ವಿಜ್ಞಾನದ ಸಂಸ್ಥೆಯ ಸಂಶೋಧಕರು ಮಾಡಿದ್ದು ಇದನ್ನೇ. ಸಿಲಿಕಾನ್ ಚಿಪ್ ಮೇಲೆ ಗ್ರಾಫೀನ್, ಅದರ ಮೇಲೆ ಲೆಡ್ ಸಲ್ಫೈಡ್‌ನ ಕ್ವಾಂಟಮ್ ಡಾಟ್‌ಗಳು, ಅಂದರೆ ಕೆಲವೇ ನ್ಯಾನೋಮೀಟರಿನ ಹರಳುಗಳು. ಬೆಳಕು ಹೀರುವುದು ಡಾಟ್‌ಗಳ ಕೆಲಸ, ಕರೆಂಟ್ ಸಾಗಿಸುವುದು ಗ್ರಾಫೀನ್ ಕೆಲಸ. ಕಣ್ಣಿಗೆ ಕಾಣುವ ಬೆಳಕು, ಕಾಣದ ಇನ್‌ಫ್ರಾರೆಡ್ ಎರಡೂ ಒಂದೇ ಚಿಪ್‌ನಲ್ಲಿ. ಪಿಕ್ಸೆಲ್ 388 × 288 ಅಷ್ಟೇ. ನಗಬೇಡಿ, ಅದು ಚಿತ್ರ ತೆಗೆದ ಕ್ಯಾಮೆರಾ.

ಯಾಕೆ ಒತ್ತಿ ಹೇಳುತ್ತೇನೆಂದರೆ, ಈ ಕ್ಷೇತ್ರದಲ್ಲಿ ಒಂದೇ ಒಂದು ಡಿವೈಸ್ ಮಾಡಿ ದೊಡ್ಡ ನಂಬರ್ ತೋರಿಸುವುದು ಜಾಸ್ತಿ. 2013ರಲ್ಲಿ ಗ್ರಾಫೀನಿನಂತೆಯೇ ಹಾಳೆಯಾಗಿ ಸಿಗುವ ಮಾಲಿಬ್ಡಿನಮ್ ಡೈಸಲ್ಫೈಡ್‌ನ ಒಂದೇ ಪದರದಿಂದ, ಬಿದ್ದ ಬೆಳಕಿನ ಒಂದು ವಾಟಿಗೆ 880 ಆಂಪಿಯರ್‌ನ ಲೆಕ್ಕದಲ್ಲಿ ಕರೆಂಟ್ ಬಂತು. ಕೇಳಲು ಭರ್ಜರಿ, ಅಲ್ವಾ? ಆದರೆ ಬೆಳಕು ಬಿದ್ದ ಮೇಲೆ ಅದು ಸ್ಪಂದಿಸಲು ಸೆಕೆಂಡುಗಟ್ಟಲೆ ಬೇಕಿತ್ತು. ವಿಡಿಯೋಗೆ ಸೆಕೆಂಡಿಗೆ 30 ಫ್ರೇಮ್ ಬೇಕು. ಬೆಳಕಿನಿಂದ ಹುಟ್ಟಿ ವಸ್ತುವಿನೊಳಗೆ ಸಿಕ್ಕಿಬಿದ್ದ ಚಾರ್ಜ್ ಎಷ್ಟು ಹೆಚ್ಚು ಹೊತ್ತು ಉಳಿಯುತ್ತದೋ ಕರೆಂಟ್ ಅಷ್ಟು ಜಾಸ್ತಿ, ಚಿತ್ರ ಅಷ್ಟೇ ನಿಧಾನ. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯುವ ವ್ಯಾಪಾರ ಇದು.

ಹಾಗಾಗಿ ಹೊಸ ದಾಖಲೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ವೇಗ ಮತ್ತು ಕತ್ತಲಲ್ಲಿ ಹರಿಯುವ ಕರೆಂಟ್. ಆಮೇಲೆ ಹಾಳೆಯ ಫೋಟೋ. ತಾಮ್ರದ ಮೇಲೆ ಬೆಳೆಸಿದ ಗ್ರಾಫೀನನ್ನು ಚಿಪ್‌ಗೆ ದಾಟಿಸುವಾಗ ಅದು ಸುಕ್ಕಾಗುತ್ತದೆ, ಹರಿದುಹೋಗುತ್ತದೆ. ಹರಿದ ಜಾಗದಲ್ಲಿ ಒಂದು ಪಿಕ್ಸೆಲ್ ಸತ್ತಂತೆ.